ಊರ ರಂಗಮಂದಿರದಿಂದ ಬಂದ ಮುಖಗಳು

ನಾವು ‘ಪೋಷಕ ನಟ’ ಎನ್ನುತ್ತೇವೆ. ಇಂಗ್ಲೆಂಡಿನಲ್ಲಿ ಅದೇ ಜಾಗದಲ್ಲಿ ನಿಲ್ಲುವವನನ್ನು ‘ಕ್ಯಾರೆಕ್ಟರ್ ಆಕ್ಟರ್’ ಎನ್ನುತ್ತಾರೆ. ಆಳು ಒಬ್ಬನೇ ಆದರೂ ನೋಟ ಬೇರೆ. ನಮ್ಮ ಮಾತು ಅವನನ್ನು ನಾಯಕನ ಕಡೆಯಿಂದ ನೋಡುತ್ತದೆ, ಆಸರೆ ಕೊಡುವವನು ಎಂದು. ಅವರ ಮಾತು ಪಾತ್ರದ ಕಡೆಯಿಂದ ನೋಡುತ್ತದೆ. ಅಪ್ಪ, ಪಾದ್ರಿ, ಗುಮಾಸ್ತ, ಜೈಲಿನ ಕಾವಲುಗಾರ, ಯಾರೇ ಆಗಲಿ, ತೆರೆಯ ಮೇಲೆ ಇರುವ ಹತ್ತೇ ನಿಮಿಷದಲ್ಲಿ ಹಿಂದೊಂದು ಇಡೀ ಬದುಕು ಕಳೆದುಹೋಗಿದೆ ಎಂದು ನಂಬಿಸಬೇಕು. ಕಳೆದ ಒಂದು ಶತಮಾನ ಈ ಕಸುಬಿನಲ್ಲಿ ಇಂಗ್ಲೆಂಡಿನವರದ್ದೇ ಮೇಲುಗೈ. ಅದು ಅವರಿಗೆ ಹುಟ್ಟಿನಿಂದಲೇ ಬಂದದ್ದು ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಊರೂರಿನಲ್ಲಿ ಎದ್ದ ರಂಗಮಂದಿರಗಳು, ಅವುಗಳಲ್ಲಿ ಸಂಬಳಕ್ಕಿದ್ದ ಕಾಯಂ ತಂಡಗಳು, ಅಲ್ಲಿಂದಲೇ ಈ ಮುಖಗಳು ಬಂದವು.

ಕಥೆ ಶುರುವಾಗುವುದು 1908ರಲ್ಲಿ. ಚಹಾ ವ್ಯಾಪಾರದ ಮನೆತನದ ಆನಿ ಹಾರ್ನಿಮನ್ ಆ ವರ್ಷ ಮ್ಯಾಂಚೆಸ್ಟರಿನ ಗೇಯಿಟಿ ಥಿಯೇಟರನ್ನು ಕೊಂಡರು. ಡಬ್ಲಿನ್ನಿನ ಆಬಿ ಥಿಯೇಟರಿಗೆ ಹಣ ಹಾಕಿದ್ದವರೂ ಇವರೇ. ಲಂಡನ್ನಿನಲ್ಲಿ ಗೆದ್ದ ಒಂದು ನಾಟಕವನ್ನು ಹೊತ್ತು ತಂಡಗಳು ಊರೂರು ಅಲೆಯುತ್ತಿದ್ದ ಕಾಲ ಅದು. ಹಾರ್ನಿಮನ್ ಅದನ್ನು ತಿರುಗಿಸಿದರು: ನಟರು ಒಂದೇ ಊರಿನಲ್ಲಿ ನೆಲೆನಿಂತರು, ನಾಟಕಗಳು ಬದಲಾಗುತ್ತ ಹೋದವು. ರಂಗಾಯಣವನ್ನು ಬಲ್ಲ ನಮಗೆ ‘ರೆಪರ್ಟರಿ’ ಎಂಬ ಮಾತು ಹೊಸದಲ್ಲ. ಬ್ರಿಟನ್ನಿನ ಮೊದಲ ಪ್ರಾದೇಶಿಕ ರೆಪರ್ಟರಿ ಎಂದು ಎಣಿಸುವುದು ಗೇಯಿಟಿಯನ್ನೇ. 1911ರಲ್ಲಿ ಲಿವರ್‌ಪೂಲ್, 1913ರಲ್ಲಿ ಬ್ಯಾರಿ ಜಾಕ್ಸನ್ ಕಟ್ಟಿಸಿದ ಬರ್ಮಿಂಗ್‌ಹ್ಯಾಮ್ ರೆಪರ್ಟರಿ ಅದೇ ದಾರಿ ಹಿಡಿದವು.

ಎರಡು ಯುದ್ಧಗಳ ನಡುವೆ ಇದು ಸಣ್ಣ ಪಟ್ಟಣಗಳಿಗೂ ಇಳಿದು ‘ವೀಕ್ಲಿ ರೆಪ್’ ಆಯಿತು. ರಾತ್ರಿ ಈ ವಾರದ ನಾಟಕ, ಬೆಳಿಗ್ಗೆ ಮುಂದಿನ ವಾರದ್ದಕ್ಕೆ ತಾಲೀಮು, ಮಧ್ಯೆ ಸಿಕ್ಕ ಹೊತ್ತಿನಲ್ಲಿ ಮಾತು ಬಾಯಿಪಾಠ. ಇಪ್ಪತ್ತೆರಡರ ಹುಡುಗ ಈ ಸೋಮವಾರ ಎಪ್ಪತ್ತರ ಅಜ್ಜ, ಬರುವ ಸೋಮವಾರ ಪೊಲೀಸಿನವನು. ಬಣ್ಣ ತಾನೇ ಬಳಿದುಕೊಳ್ಳಬೇಕು, ಉಡುಪು ಬಹುಮಟ್ಟಿಗೆ ತಾನೇ ಹೊಂದಿಸಿಕೊಳ್ಳಬೇಕು. ಅವಸರದಲ್ಲಿ ಕಲಿತ ಚಾಳಿಗಳು ಕೆಲವರಿಗೆ ಜೀವಮಾನವಿಡೀ ಅಂಟಿಕೊಂಡದ್ದೂ ನಿಜ. ಆದರೆ ವಾರಕ್ಕೊಬ್ಬ ಹೊಸ ಮನುಷ್ಯನಾಗಬೇಕಾದವನು ಬಸ್ಸಿನಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲಿ ಕಂಡವರ ನಡಿಗೆಯನ್ನೆಲ್ಲ ಗಮನಿಸಿ ಕೂಡಿಟ್ಟುಕೊಳ್ಳದೆ ಗತಿಯಿರಲಿಲ್ಲ.

ಸಿನಿಮಾಕ್ಕೆ ಮಾತು ಬಂದ ಮೇಲೆ ಹಾಲಿವುಡ್ ಈ ನಟರನ್ನು ಸಾಲುಸಾಲಾಗಿ ಕರೆಸಿಕೊಂಡಿತು. ಅವರಲ್ಲಿ ಹಿರಿಯರು ಸಿ. ಆಬ್ರಿ ಸ್ಮಿತ್. 1889ರಲ್ಲಿ ತಾವು ಆಡಿದ ಒಂದೇ ಒಂದು ಟೆಸ್ಟ್ ಪಂದ್ಯದಲ್ಲಿ ಇಂಗ್ಲೆಂಡಿನ ನಾಯಕರಾಗಿದ್ದವರು, ಹಾಲಿವುಡ್‌ನಲ್ಲಿ ಕ್ರಿಕೆಟ್ ಕ್ಲಬ್ಬನ್ನೂ ಕಟ್ಟಿದರು. ತೆರೆಯ ಮೇಲೆ ಅವರಿಗೆ ಸಿಗುತ್ತಿದ್ದದ್ದು ಬಹುತೇಕ ದಪ್ಪ ಹುಬ್ಬಿನ ಮುದಿ ಕರ್ನಲ್ಲನ ಪಾತ್ರ. ಅಚ್ಚನ್ನು ಮುರಿದವರು ಸ್ಕಾರ್‌ಬರೋ ಊರಿನ ಹೋಟೆಲಿನವರ ಮಗ ಚಾರ್ಲ್ಸ್ ಲಾಟನ್. ದಪ್ಪ ಮೈ, ಜೋತ ತುಟಿ, ಯಾವ ಕೋನದಿಂದಲೂ ನಾಯಕನಲ್ಲ. ಆದರೂ 1933ರ ‘ದ ಪ್ರೈವೇಟ್ ಲೈಫ್ ಆಫ್ ಹೆನ್ರಿ ದ ಎಯ್ಟ್ತ್’ ಅವರಿಗೆ ಶ್ರೇಷ್ಠ ನಟ ಆಸ್ಕರ್ ತಂದಿತು.

ಆಮೇಲೆ ಬಂದವರು ಆಲೆಕ್ ಗಿನ್ನೆಸ್. ಅವರದ್ದು ಮುಖವಾಡದ ದಾರಿ. ಈಲಿಂಗ್ ಸ್ಟುಡಿಯೋದ ‘ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್’ (1949) ಚಿತ್ರದಲ್ಲಿ ಒಂದೇ ಮನೆತನದ ಎಂಟು ಜನ ಅವರೊಬ್ಬರೇ, ಅದರಲ್ಲಿ ಒಬ್ಬಳು ಹೆಂಗಸು. ಆ ಕೌಶಲಕ್ಕೆ ಬೆರಗಾಗದವರಿಲ್ಲ, ನಾನೂ ಬೆರಗಾದವನೇ. ಆದರೆ ಮುಖವಾಡಕ್ಕೊಂದು ಗಡಿಯಿದೆ. 1948ರ ‘ಆಲಿವರ್ ಟ್ವಿಸ್ಟ್’ನಲ್ಲಿ ಫೇಗಿನ್ ಎಂಬ ಯಹೂದಿಯ ಪಾತ್ರಕ್ಕೆ ಅಂಟಿಸಿಕೊಂಡ ದೊಡ್ಡ ಮೂಗು ಯಹೂದಿಗಳನ್ನು ನೋಯಿಸಿತು, ಅಮೆರಿಕದಲ್ಲಿ ಚಿತ್ರ ತೆರೆಕಾಣಲು 1951ರವರೆಗೆ ಕಾಯಬೇಕಾಯಿತು. ಆ ಗಡಿ ಮತ್ತೊಮ್ಮೆ ಕಂಡದ್ದು ನಮ್ಮ ನೆಲದಲ್ಲೇ. ನಿರ್ದೇಶಕ ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ವನ್ನು ಬೆಂಗಳೂರಿನಲ್ಲಿ ಬೀಡುಬಿಟ್ಟು ತೆಗೆದರು. ಚಿತ್ರದ ಮೂಲ ಕಾದಂಬರಿಯ ಮರಬಾರ್ ಗುಹೆಗಳಾದದ್ದು ಸಾವನದುರ್ಗ, ರಾಮದೇವರ ಬೆಟ್ಟಗಳ ಬಂಡೆಗಳು. ಅಲ್ಲಿ ಗಿನ್ನೆಸ್ ಮೈಗೆ ಕಂದು ಬಣ್ಣ ಬಳಿದು ಪ್ರೊಫೆಸರ್ ಗೋಡ್ಬೋಲೆ ಎಂಬ ಬ್ರಾಹ್ಮಣನಾದರು. ವಿಕ್ಟರ್ ಬ್ಯಾನರ್ಜಿ, ರೋಶನ್ ಸೇಠ್ ಪಕ್ಕದಲ್ಲಿ ನಿಂತಾಗ ಆ ಬಣ್ಣ ಬಣ್ಣವಾಗಿಯೇ ಉಳಿಯಿತು. ಅದೇ ಚಿತ್ರದಲ್ಲಿ ಮಿಸೆಸ್ ಮೂರ್ ಆದ ಪೆಗ್ಗಿ ಆಶ್‌ಕ್ರಾಫ್ಟ್ ಮುಖಕ್ಕೆ ಏನನ್ನೂ ಅಂಟಿಸಿಕೊಳ್ಳಲಿಲ್ಲ. ವಯಸ್ಸಾದ ಹೆಂಗಸಿನ ದಣಿವು, ತನ್ನವರ ಬಗ್ಗೆಯೇ ಹುಟ್ಟಿದ ಬೇಸರ, ಎಲ್ಲವೂ ಕಣ್ಣಿನಲ್ಲಿತ್ತು. ಪೋಷಕ ನಟಿ ಆಸ್ಕರ್ ಅವರಿಗೇ ಬಂತು. 1926ರಲ್ಲಿ ಅವರು ಮೊದಲ ಬಾರಿ ಬಣ್ಣ ಹಚ್ಚಿದ್ದು ಬರ್ಮಿಂಗ್‌ಹ್ಯಾಮ್ ರೆಪರ್ಟರಿಯಲ್ಲಿ.

ಮುಖವಾಡದಿಂದ ಈ ಬರಿಯ ಮುಖಕ್ಕೆ ಕಸುಬು ಸರಿದದ್ದು ಒಂದೇ ದಿನದಲ್ಲಲ್ಲ. 1948ರಲ್ಲಿ ಬಂದ ಕಾನೂನು ಊರಿನ ತೆರಿಗೆಯ ಒಂದು ಪಾಲನ್ನು ಮನರಂಜನೆಗೆ ಖರ್ಚು ಮಾಡಲು ಸ್ಥಳೀಯ ಸಂಸ್ಥೆಗಳಿಗೆ ಅನುಮತಿ ಕೊಟ್ಟಿತು. ಕಲೆಗೆ ಸರ್ಕಾರದ ಹಣ ಹಂಚುವ ಆರ್ಟ್ಸ್ ಕೌನ್ಸಿಲಿನ ನೆರವೂ ಸೇರಿ, ವಾರಕ್ಕೊಂದು ನಾಟಕ ಹೋಗಿ ಮೂರು ನಾಲ್ಕು ವಾರದ ತಾಲೀಮು ಬಂತು. ನಾಟಕ ಶಾಲೆಗೆ ಹೋಗುವ ಕೂಲಿಕಾರರ ಮಕ್ಕಳಿಗೆ ಅನುದಾನ ಸಿಕ್ಕಿತು. ಲಂಡನ್ನಿನ ನಯವಾದ ಉಚ್ಚಾರಣೆ ಕಲಿಯದೆ ನಟನಾಗಲಾರೆ ಎಂಬ ಕಟ್ಟು ಸಡಿಲವಾಯಿತು.

ಹಾಗೆ ಬಂದವರಲ್ಲಿ ನನ್ನ ಮನಸ್ಸಿಗೆ ಎಲ್ಲರಿಗಿಂತ ಹತ್ತಿರದವರು ಪೀಟ್ ಪಾಸಲ್‌ತ್ವೇಟ್. 1946ರಲ್ಲಿ ವಾರಿಂಗ್‌ಟನ್ ಎಂಬ ಕೈಗಾರಿಕಾ ಊರಿನ ಕ್ಯಾಥೊಲಿಕ್ ದುಡಿಮೆಗಾರರ ಮನೆಯಲ್ಲಿ ಹುಟ್ಟಿದರು. ಪಾದ್ರಿಯಾಗಲು ಹೊರಟು, ಮೇಷ್ಟ್ರಾಗಿ, ಕೊನೆಗೆ ಬ್ರಿಸ್ಟಲ್ ಓಲ್ಡ್ ವಿಕ್ ನಾಟಕ ಶಾಲೆ ಸೇರಿದರು. ಈ ಹೆಸರು ಇಟ್ಟುಕೊಂಡರೆ ಬೆಳೆಯಲಾರೆ, ಬದಲಿಸು ಎಂದು ಹೇಳಿದವರಿದ್ದರು. ಅವರು ಬದಲಿಸಲಿಲ್ಲ. ಕೆನ್ನೆಯ ಮೂಳೆ ಎದ್ದು ಕಾಣುವ, ಉಳಿಯಿಂದ ಕೆತ್ತಿದಂಥ ಆ ಮುಖವನ್ನೂ ಎಂದೂ ಮರೆಮಾಡಲಿಲ್ಲ.

1970ರ ದಶಕದಲ್ಲಿ ಲಿವರ್‌ಪೂಲಿನ ಎವೆರಿಮನ್ ಥಿಯೇಟರ್ ಅವರ ನಿಜವಾದ ಪಾಠಶಾಲೆಯಾಯಿತು. ಹೋಪ್ ಸ್ಟ್ರೀಟಿನ ಒಂದು ಹಳೆಯ ಪ್ರಾರ್ಥನಾ ಮಂದಿರದಲ್ಲಿ 1964ರಲ್ಲಿ ಶುರುವಾದ ರಂಗಮಂದಿರ ಅದು. ಜೂಲಿ ವಾಲ್ಟರ್ಸ್, ಬಿಲ್ ನೈ, ಜೊನಾಥನ್ ಪ್ರೈಸ್ ಎಲ್ಲರೂ ಅಲ್ಲಿಯವರೇ. ತಂಡದ ಒಂದು ಭಾಗ ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ಪಬ್ಬುಗಳಿಗೆ ಹೋಗಿ ಆಡುತ್ತಿತ್ತು. ಕೈಯಲ್ಲಿ ಬಿಯರ್ ಲೋಟ ಹಿಡಿದವರ ಕಣ್ಣನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಬೇಕಾದ ನಟನಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಲು ಆಗುವುದಿಲ್ಲ.

ಅದರ ಫಲ ನಿರ್ದೇಶಕ ಟೆರೆನ್ಸ್ ಡೇವಿಸ್ ಅವರ ‘ಡಿಸ್ಟಂಟ್ ವಾಯ್ಸಸ್, ಸ್ಟಿಲ್ ಲೈವ್ಸ್’ (1988) ಚಿತ್ರದಲ್ಲಿ ಕಾಣುತ್ತದೆ. ಲಿವರ್‌ಪೂಲಿನ ಬಡ ಮನೆ, ಹೊಡೆಯುವ ಅಪ್ಪ. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಅವನು ಮಲಗಿದ ಮಕ್ಕಳ ಮಂಚಕ್ಕೆ ಉಡುಗೊರೆಯ ಕಾಲುಚೀಲ ಕಟ್ಟಿ, ದೇವರು ಒಳ್ಳೆಯದು ಮಾಡಲಿ ಎಂದು ಮೆಲ್ಲಗೆ ಹೇಳಿ ಹೋಗುತ್ತಾನೆ. ಮರುದಿನ ಮಕ್ಕಳು ಊಟಕ್ಕೆ ಕೂತಿದ್ದಾರೆ. ಅವನ ಕೈ ಮೇಜಿನ ಬಟ್ಟೆಯನ್ನು ಹಿಡಿದು ಒಂದೇ ಸಲಕ್ಕೆ ಎಳೆಯುತ್ತದೆ. ತಟ್ಟೆ, ಲೋಟ, ಊಟ ಎಲ್ಲ ನೆಲದ ಮೇಲೆ. ಬಳಿದು ಚೊಕ್ಕಮಾಡು ಎಂದು ಹೆಂಡತಿಗೆ ಕೂಗುತ್ತಾನೆ. ಎರಡರ ನಡುವೆ ಕಾರಣ ಹೇಳುವ ಒಂದು ಮಾತೂ ಇಲ್ಲ. ಪಾಸಲ್‌ತ್ವೇಟ್ ಆ ಪ್ರೀತಿಯನ್ನೂ ಈ ಕ್ರೌರ್ಯವನ್ನೂ ಒಂದೇ ಮುಖದಲ್ಲಿ ಇಟ್ಟರು. ಅವನನ್ನು ಕ್ಷಮಿಸಲೂ ಆಗದು, ರಾಕ್ಷಸ ಎಂದು ತಳ್ಳಿಹಾಕಲೂ ಆಗದು.

1993ರ ‘ಇನ್ ದ ನೇಮ್ ಆಫ್ ದ ಫಾದರ್’ನಲ್ಲಿ ಮಗನ ಜೊತೆ ನಿರಪರಾಧಿಯಾಗಿ ಜೈಲಿಗೆ ಬಿದ್ದ ಬೆಲ್‌ಫಾಸ್ಟಿನ ಜುಸೆಪೆ ಕಾನ್ಲನ್ ಆದರು, ಆಸ್ಕರ್ ನಾಮನಿರ್ದೇಶನ ಬಂತು. ಆಮೇಲೆ ಹಾಲಿವುಡ್ ಕರೆಯಿತು: ‘ದ ಯೂಶುಯಲ್ ಸಸ್ಪೆಕ್ಟ್ಸ್’, ಸ್ಪೀಲ್‌ಬರ್ಗ್ ಅವರ ಎರಡು ಚಿತ್ರಗಳು. ಜಗತ್ತಿನ ಅತ್ಯುತ್ತಮ ನಟ ಎಂದು ಸ್ಪೀಲ್‌ಬರ್ಗ್ ಹೇಳಿದ್ದನ್ನು ಪತ್ರಿಕೆಗಳು ಮತ್ತೆ ಮತ್ತೆ ಬರೆದವು. ನನಗೆ ಮಾತ್ರ ಅವರು 1996ರ ‘ಬ್ರಾಸ್ಡ್ ಆಫ್’ನ ಡ್ಯಾನಿ. ಕಲ್ಲಿದ್ದಲ ಗಣಿ ಮುಚ್ಚುವ ಊರಿನಲ್ಲಿ ಗಣಿಯವರದ್ದೇ ವಾದ್ಯತಂಡ, ಅದಕ್ಕೆ ಡ್ಯಾನಿ ನಿರ್ದೇಶಕ, ಎದೆಯ ತುಂಬ ಕಲ್ಲಿದ್ದಲ ಧೂಳು. 1993ರಲ್ಲಿ ಗಣಿ ಮುಚ್ಚಿದ ಯಾರ್ಕ್‌ಶೈರಿನ ಗ್ರೈಮ್‌ಥಾರ್ಪ್‌ನ ನಿಜವಾದ ತಂಡವೇ ಚಿತ್ರಕ್ಕೆ ನುಡಿಸಿದೆ. ಒಂದು ರಾತ್ರಿ ಆಸ್ಪತ್ರೆಯ ಹೊರಗೆ ತಂಡದವರು ಗಣಿಯ ಟೋಪಿಯ ದೀಪ ಹಚ್ಚಿಕೊಂಡು ನಿಂತು ‘ಡ್ಯಾನಿ ಬಾಯ್’ ನುಡಿಸುತ್ತಾರೆ. ಒಳಗೆ ಹಾಸಿಗೆಯಲ್ಲಿ ಅವನು ಕೇಳುತ್ತಾನೆ, ಅಷ್ಟೇ. ಕೇಳುವುದನ್ನು ಹೀಗೆ ಅಭಿನಯಿಸಿದವರನ್ನು ನಾನು ಹೆಚ್ಚು ಕಂಡಿಲ್ಲ. ಗಣಿಯವರ ಪರ ನಿಂತ ಇದೇ ಮನುಷ್ಯ 2009ರಲ್ಲಿ, ಕಿಂಗ್ಸ್‌ನಾರ್ತ್‌ನಲ್ಲಿ ಕಲ್ಲಿದ್ದಲ ವಿದ್ಯುತ್ ಸ್ಥಾವರಕ್ಕೆ ಒಪ್ಪಿಗೆ ಕೊಟ್ಟರೆ ತಮ್ಮ ಒಬಿಇ ಗೌರವವನ್ನು ಹಿಂದಿರುಗಿಸುತ್ತೇನೆ ಎಂದರು. ಊರು ಹಾಳಾಗುವುದೂ ಭೂಮಿ ಹಾಳಾಗುವುದೂ ಅವರಿಗೆ ಒಂದೇ ಸಂಕಟವಾಗಿತ್ತು.

ಹೆಸರು ಬಂದ ಮೇಲೂ ಅವರು ಹಳೆಯ ಮನೆಯನ್ನು ಬಿಡಲಿಲ್ಲ. 2008ರಲ್ಲಿ ಎವೆರಿಮನ್‌ಗೇ ಮರಳಿ ಕಿಂಗ್ ಲಿಯರ್ ಆಡಿದರು. ‘ಇನ್ಸೆಪ್ಶನ್’ ಮತ್ತು ‘ದ ಟೌನ್’ ತೆರೆಕಂಡದ್ದು 2010ರಲ್ಲಿ. 2011ರ ಜನವರಿ 2ರಂದು, 64ನೇ ವಯಸ್ಸಿನಲ್ಲಿ, ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು.

ಅಂಥ ತಂಡಗಳಲ್ಲಿ ಪಳಗಿದವರಲ್ಲಿ ಕೆಲವರು ಈಗಿಲ್ಲ, ಕೆಲವರು ಇನ್ನೂ ತೆರೆಯ ಮೇಲಿದ್ದಾರೆ. ಹ್ಯಾರಿ ಪಾಟರ್‌ನ ಎಂಟು ಚಿತ್ರಗಳಲ್ಲಿ ನಾಯಕರು ಮಕ್ಕಳಾದರೂ ಕಥೆಗೆ ತೂಕ ಬಂದದ್ದು ಮ್ಯಾಗಿ ಸ್ಮಿತ್, ಆಲನ್ ರಿಕ್‌ಮನ್, ಜಿಮ್ ಬ್ರಾಡ್‌ಬೆಂಟ್, ತಿಮತಿ ಸ್ಪಾಲ್ ಅಂಥವರಿಂದ. ಅವರ ಹಿಂದೆ ಬರುವವರಿಗೆ ಆ ಅನುದಾನ ಇಲ್ಲ, ವರ್ಷವಿಡೀ ಸಂಬಳ ಕೊಡುವ ಊರ ತಂಡ ಇಲ್ಲ. ಅಪ್ಪ ಅಮ್ಮನಿಗೆ ಹಣವಿದ್ದ ಮಕ್ಕಳೇ ಹೆಚ್ಚು ಹೆಚ್ಚು ನಟರಾಗುತ್ತಿದ್ದಾರೆ ಎಂಬ ದೂರು ಬ್ರಿಟನ್ನಿನಲ್ಲಿ ವರ್ಷಗಳಿಂದ ಕೇಳುತ್ತಿದೆ. ಜೂಲಿ ವಾಲ್ಟರ್ಸ್ ಅಂಥವರೇ ಹಾಗೆ ಹೇಳಿದ್ದಾರೆ.

ಎವೆರಿಮನ್‌ನ ಹಳೆಯ ಕಟ್ಟಡ 2011ರಲ್ಲಿ ಮುಚ್ಚಿತು. ಅದೇ ಜಾಗದಲ್ಲಿ ಎದ್ದ ಹೊಸದು 2014ರಲ್ಲಿ ತೆರೆದು, ಆ ವರ್ಷದ ಸ್ಟರ್ಲಿಂಗ್ ವಾಸ್ತುಶಿಲ್ಪ ಪ್ರಶಸ್ತಿ ಪಡೆಯಿತು. 2017ರಲ್ಲಿ ಅಲ್ಲಿ ಕಾಯಂ ತಂಡವನ್ನು ಮತ್ತೆ ಕಟ್ಟಿದರು; ಹಣ ಸಾಲದೆ ಎರಡೇ ಋತುವಿಗೆ ನಿಂತಿತು. ಹೋಪ್ ಸ್ಟ್ರೀಟಿಗೆ ಮುಖಮಾಡಿದ ಗೋಡೆಯಲ್ಲಿ ಬಿಸಿಲು ತಡೆಯುವ 105 ಲೋಹದ ಹಲಗೆಗಳಿವೆ. ಒಂದೊಂದರಲ್ಲೂ ಲಿವರ್‌ಪೂಲಿನ ಒಬ್ಬೊಬ್ಬ ಸಾಮಾನ್ಯ ಮನುಷ್ಯನ ಆಳೆತ್ತರದ ಚಿತ್ರ ಕೊರೆದಿದ್ದಾರೆ.