ಹೊಟ್ಟೆಯ ಕಡೆಯಿಂದ ಬೆನ್ನುಮೂಳೆ ಆಪರೇಷನ್: ಗಂಡಸ್ತನ ಹೋಗುತ್ತದೆಯೇ, ಕಾಲಿನ ಸ್ವಾಧೀನ ತಪ್ಪುತ್ತದೆಯೇ?

ಸೊಂಟದ ಡಿಸ್ಕ್ ಸವೆದಾಗ ಕೆಲವರಿಗೆ ವೈದ್ಯರು ಬೆನ್ನಿನ ಬದಲು ಹೊಟ್ಟೆಯ ಕಡೆಯಿಂದ ಆಪರೇಷನ್ ಸೂಚಿಸುತ್ತಾರೆ. ಆಗ ಮನೆಯವರಿಗೆ ದಿಗಿಲು: "ಗಂಡಸ್ತನ ಹೋಗುತ್ತಂತೆ, ಕಾಲು ಬಿದ್ದುಹೋಗುತ್ತಂತೆ." ಇದರಲ್ಲಿ ನಿಜವೆಷ್ಟು?

ಹೊಟ್ಟೆಯ ಕಡೆಯಿಂದ ಏಕೆ?
ಡಿಸ್ಕ್ ಇರುವುದು ಬೆನ್ನುಮೂಳೆಯ ಮುಂಭಾಗದಲ್ಲಿ. ಕರುಳಿನ ಚೀಲವನ್ನು ಪಕ್ಕಕ್ಕೆ ಸರಿಸಿದರೆ, ಬೆನ್ನಿನ ಸ್ನಾಯುಗಳನ್ನು ಕತ್ತರಿಸದೆ ಡಿಸ್ಕ್ ತೆಗೆದು ಆ ಜಾಗದಲ್ಲಿ ಕೇಜ್ ಕೂರಿಸಬಹುದು.

ಕಾಲು ಬಿದ್ದುಹೋಗುತ್ತದೆಯೇ?
ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ 1ನೇ ಅಥವಾ 2ನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಈ ಆಪರೇಷನ್ ಹೆಚ್ಚಾಗಿ ನಡೆಯುವುದು ಅದಕ್ಕಿಂತ ಕೆಳಗೆ, 4 ಮತ್ತು 5ನೇ ಮೂಳೆಗಳ ಬಳಿ. ಅಲ್ಲಿರುವುದು ನರಗಳ ಗೊಂಚಲು. ಅದಕ್ಕೆ ಪೆಟ್ಟಾಗುವುದು ಅಪರೂಪ.

ನಿಜವಾದ ಅಪಾಯಗಳು
* ರಕ್ತನಾಳ: ಮಹಾಪಧಮನಿ ಎರಡಾಗಿ ಕವಲೊಡೆಯುವುದು 4ನೇ ಮೂಳೆಯ ಎದುರಿಗೇ. ಹೆಚ್ಚಾಗಿ ಪೆಟ್ಟಾಗುವುದು ಎಡಗಾಲಿನಿಂದ ರಕ್ತ ತರುವ ದೊಡ್ಡ ಅಭಿಧಮನಿಗೆ. ಹೆಚ್ಚಿನ ಅಧ್ಯಯನಗಳಲ್ಲಿ ಇದರ ಪ್ರಮಾಣ ಶೇ 5ಕ್ಕಿಂತ ಕಡಿಮೆ. ಅದಕ್ಕೇ ಹಲವೆಡೆ ರಕ್ತನಾಳದ ಸರ್ಜನ್ ಜೊತೆಗಿರುತ್ತಾರೆ.
* ವೀರ್ಯ ಹಿಂದಕ್ಕೆ ಹರಿಯುವುದು: 5ನೇ ಮೂಳೆಯ ಮುಂದಿರುವ ಸೂಕ್ಷ್ಮ ನರಜಾಲಕ್ಕೆ ಪೆಟ್ಟಾದರೆ ವೀರ್ಯ ಹೊರಬರದೆ ಮೂತ್ರಕೋಶಕ್ಕೆ ಹೋಗುತ್ತದೆ. ನಿಮಿರುವಿಕೆಯನ್ನು ಮುಖ್ಯವಾಗಿ ನಿಯಂತ್ರಿಸುವ ನರಗಳೇ ಬೇರೆ. ಹಾಗಾಗಿ ಇದು 'ಗಂಡಸ್ತನ' ಹೋಗುವುದಲ್ಲ. ಆದರೆ ಸಹಜವಾಗಿ ಮಕ್ಕಳಾಗುವುದು ಕಷ್ಟವಾಗಬಹುದು. ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಹಾಗೇ ಉಳಿಯುತ್ತದೆ.
* ಒಂದು ಕಾಲು ಬೆಚ್ಚಗೆ, ಇನ್ನೊಂದು ತಣ್ಣಗೆ: ರಕ್ತನಾಳ ಕುಗ್ಗಿಸುವ ನರಕ್ಕೆ ಪೆಟ್ಟಾದರೆ ಆ ಬದಿಯ ಕಾಲು ಬೆಚ್ಚಗಾಗುತ್ತದೆ. ಅದರ ಮುಂದೆ ಸರಿಯಿರುವ ಕಾಲೇ ತಣ್ಣಗೆ ಅನ್ನಿಸುತ್ತದೆ. ಆದರೆ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೂ ಕಾಲು ತಣ್ಣಗಾಗುತ್ತದೆ. ಯಾವುದೆಂದು ಮನೆಯಲ್ಲಿ ತೀರ್ಮಾನಿಸಬೇಡಿ.
* ಇತರೆ: ಮೂತ್ರನಾಳ ಅಥವಾ ಕರುಳಿಗೆ ಗಾಯ, ಗಾಯದ ಜಾಗದಲ್ಲಿ ಹರ್ನಿಯಾ. ಕೆಲವು ದಿನ ಕರುಳು ಮಂದವಾಗಿ ಹೊಟ್ಟೆಯುಬ್ಬರ ಆಗುವುದೂ ಉಂಟು.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?
* ಕಾಲು ತಣ್ಣಗಾಗಿ, ಬಿಳಿಚಿಕೊಂಡು ನೋಯುತ್ತಿದ್ದರೆ
* ಮೀನಖಂಡ ಊದಿದರೆ, ಉಸಿರು ಕಟ್ಟಿದರೆ
* ಮೂತ್ರ ಕಟ್ಟಿದರೆ, ತೊಡೆಸಂದು ಮರಗಟ್ಟಿದರೆ
* ಜ್ವರದ ಜೊತೆ ಹೊಟ್ಟೆನೋವು ಹೆಚ್ಚುತ್ತಿದ್ದರೆ

ಆಪರೇಷನ್‌ಗೆ ಮುಂಚೆ
ಹಿಂದೆ ಹೊಟ್ಟೆಯ ಆಪರೇಷನ್ ಆಗಿದ್ದರೆ ಮರೆಯದೆ ಹೇಳಿ. ರಕ್ತನಾಳದ ಸರ್ಜನ್ ಇರುತ್ತಾರೆಯೇ ಎಂದು ಕೇಳಿ. ಮುಂದೆ ಮಕ್ಕಳು ಬೇಕೆನ್ನುವ ಗಂಡಸರು ಸಂಕೋಚ ಬಿಟ್ಟು ಅದನ್ನೂ ತಿಳಿಸಿ. ಮೊದಲೇ ವೀರ್ಯ ಸಂಗ್ರಹಿಸಿಡುವ ದಾರಿಯಿದೆ.

ಒಟ್ಟಿನಲ್ಲಿ: ಅಪಾಯವೇ ಇಲ್ಲ ಎನ್ನುವುದೂ ಸುಳ್ಳು, ಮಾಡಿಸಿದವರೆಲ್ಲ ಹಾಸಿಗೆ ಹಿಡಿಯುತ್ತಾರೆ ಎನ್ನುವುದೂ ಸುಳ್ಳು. ಫಾರ್ವರ್ಡ್ ನೋಡಿ ಆಪರೇಷನ್ ರದ್ದು ಮಾಡಬೇಡಿ. ಅನುಮಾನವಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ.