ನೂರು ರೂಪಾಯಿ ಕೂಲಿ, ಒಂದು ಲಕ್ಷದ ಗೆರೆ

ರಸ್ತೆ ಅಪಘಾತದಲ್ಲಿ ಒಬ್ಬರ ಕೈಯೋ ಕಾಲೋ ಹೋದರೆ ಅದಕ್ಕೆ ಇಷ್ಟು ದುಡ್ಡು ಅಂತ ಲೆಕ್ಕ ಹಾಕೋದು ಹೇಗೆ? ಮೋಟಾರು ವಾಹನ ಕಾಯ್ದೆ ಇದಕ್ಕೆ ಮುಖ್ಯವಾಗಿ ಹೇಳೋದು ಒಂದೇ ಮಾತು: ನ್ಯಾಯವೆನಿಸುವ ಪರಿಹಾರ ಕೊಡಿ. ಇವತ್ತು ಕೋರ್ಟುಗಳು ಬಳಸುವ ಲೆಕ್ಕ ಬಹುಪಾಲು ಹುಟ್ಟಿದ್ದು ಅಪೀಲುಗಳಲ್ಲಿ. ಸಿಕ್ಕಿದ್ದು ಸಾಲದು ಅಂತ ಮೇಲಿನ ಕೋರ್ಟಿಗೆ ಹೋದವರಿಂದ ಬಂದ ಲೆಕ್ಕ ಅದು.

ಮೊದಲು ಗಾಯಾಳು ಸಿವಿಲ್ ಕೋರ್ಟಿನಲ್ಲೇ ದಾವೆ ಹೂಡಬೇಕಿತ್ತು. ಕೇಳುವ ಮೊತ್ತ ಹೆಚ್ಚಾದಷ್ಟೂ ಕೋರ್ಟ್ ಫೀ ಹೆಚ್ಚು. 1939ರ ಕಾಯ್ದೆಗೆ 1956ರಲ್ಲಿ ತಿದ್ದುಪಡಿ ಆಗಿ ಕ್ಲೇಮ್ಸ್ ಟ್ರಿಬ್ಯೂನಲ್ ಬಂತು. ಅದರ ತೀರ್ಪು ಒಪ್ಪಿಗೆ ಇಲ್ಲದಿದ್ದರೆ 90 ದಿನದೊಳಗೆ ಹೈಕೋರ್ಟಿಗೆ ಅಪೀಲು. ವಿವಾದದ ಮೊತ್ತ 2,000 ರೂಪಾಯಿಗಿಂತ ಕಡಿಮೆ ಇದ್ದರೆ ಮಾತ್ರ ಅಪೀಲು ಇಲ್ಲ. 1988ರ ಹೊಸ ಕಾಯ್ದೆಯ 173ನೇ ಕಲಮು ಈ ಗೆರೆಯನ್ನು 10,000ಕ್ಕೆ ಏರಿಸಿತು. ಆ ಗೆರೆ ನೆನಪಿರಲಿ, ಕೊನೆಗೆ ಅದರ ಹತ್ತಿರವೇ ಬರ್ತೀವಿ.

ಕರ್ನಾಟಕದಲ್ಲಿ ಟ್ರಿಬ್ಯೂನಲ್ ಕೇಸಿಗೆ ಎಂವಿಸಿ ನಂಬರು, ಹೈಕೋರ್ಟಿನ ಅಪೀಲಿಗೆ ಎಂಎಫ್ಎ ನಂಬರು. ಅಲ್ಲಿಂದಲೂ ಮುಂದೆ ಹೋದ ಕೆಲವು ಕೇಸುಗಳು ದೇಶಕ್ಕೇ ನಿಯಮ ಆದವು. ಗಾಯಾಳು ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಪರಿಹಾರ ಕೊಡೋಕೆ ಕಾಯ್ದೆಯಲ್ಲಿ ಅಡ್ಡಿಯಿಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ್ದು ಕರ್ನಾಟಕದ ಒಂದು ಅಪೀಲಿನಲ್ಲೇ.

ನನಗೆ ಮುಖ್ಯ ಅನಿಸೋದು 2010ರ ಅಕ್ಟೋಬರ್ ತೀರ್ಪು. ಡಾಕ್ಟರು ಸರ್ಟಿಫಿಕೇಟಿನಲ್ಲಿ ಬರೆಯುವ ಅಂಗವೈಕಲ್ಯದ ಶೇಕಡಾವಾರು ಬೇರೆ, ಅದರಿಂದ ದುಡಿಮೆಗೆ ಆಗುವ ನಷ್ಟ ಬೇರೆ ಅಂತ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು. ಡ್ರೈವರ್ ಅಥವಾ ಬಡಗಿಯ ಎಡಗೈ ಹೋದರೆ ದುಡಿಮೆ ಹೆಚ್ಚುಕಮ್ಮಿ ಪೂರ್ತಿ ಹೋದಂತೆ. ಸರ್ಕಾರಿ ಗುಮಾಸ್ತರಿಗೆ ಅದೇ ಕೈ ಹೋದರೂ ಸಂಬಳ ಅಷ್ಟೇ ಬರಬಹುದು. ಈ ಉದಾಹರಣೆ ತೀರ್ಪಿನಲ್ಲೇ ಇದೆ.

ಮರುವರ್ಷ, 2011ರಲ್ಲಿ, ಕರ್ನಾಟಕದ ಒಬ್ಬ ಕೂಲಿಕಾರರ ಅಪೀಲು. ವಯಸ್ಸು ಸುಮಾರು 35. ತಿಂಗಳಿಗೆ 4,500 ದುಡೀತಿದ್ದೆ ಅಂತ ಅವರು ಹೇಳಿದ್ದರು. 2004ರಲ್ಲಿ ಕೂಲಿ ದಿನಕ್ಕೆ 100 ರೂಪಾಯಿ ಅಂತ ಟ್ರಿಬ್ಯೂನಲ್ ತಾನೇ ಅಂದಾಜು ಮಾಡಿ 3,000ಕ್ಕೆ ಇಳಿಸಿತ್ತು. ಕೂಲಿಯವರು ಸಂಬಳದ ಚೀಟಿ ಎಲ್ಲಿಂದ ತರಬೇಕು? ಆ ಅಂದಾಜಿಗೆ ಆಧಾರವೇ ಇಲ್ಲ ಅಂತ ಸುಪ್ರೀಂ ಕೋರ್ಟ್ 4,500ನ್ನೇ ಒಪ್ಪಿತು. ಹಾಗಂತ ಯಾರು ಎಷ್ಟು ಹೇಳಿದರೂ ಒಪ್ಪಬೇಕು ಅಂತಲ್ಲ. ಉತ್ಪ್ರೇಕ್ಷೆ ಕಂಡರೆ ಟ್ರಿಬ್ಯೂನಲ್ ಅಂದಾಜು ಮಾಡಬಹುದು.

ಇನ್ನೊಂದು 2020ರದ್ದು. ಬಲಗೈ ಕಳಕೊಂಡ 20 ವರ್ಷದ ಡೇಟಾ ಎಂಟ್ರಿ ಆಪರೇಟರ್. ಸರ್ಟಿಫಿಕೇಟಿನಲ್ಲಿ ಶೇ 89. ಹೈಕೋರ್ಟ್ ದುಡಿಮೆಯ ನಷ್ಟ ಶೇ 45 ಅಂತು, ಸುಪ್ರೀಂ ಕೋರ್ಟ್ ಶೇ 65. ಜೊತೆಗೆ, ಮುಂದೆ ಏರಬಹುದಾಗಿದ್ದ ಆದಾಯವನ್ನೂ ಸೇರಿಸಬೇಕು, ಅದು ಸಾವಿನ ಕೇಸಿಗಷ್ಟೇ ಅಲ್ಲ, ಗಾಯಾಳುಗಳಿಗೂ ಅನ್ವಯ ಅಂತ ಸ್ಪಷ್ಟ ಮಾಡಿತು.

ಈಗ ಆ ಗೆರೆಗೆ ಬರೋಣ. 2019ರ ತಿದ್ದುಪಡಿ 10,000ವನ್ನು ಒಂದು ಲಕ್ಷ ಮಾಡಿತು. ಕಾಮರ್ಸ್ ಓದಿದವರಿಗೆ ಬೇರೇನು ಬರುತ್ತೆ, ಲೆಕ್ಕವೇ ಹಾಕೋಣ. 2011ರ ಕೇಸಿನ ಹಾಗೇ ತಿಂಗಳ ಆದಾಯದಲ್ಲಿ 1,500 ಕಡಿಮೆ ಹಿಡಿದಿದ್ದಾರೆ ಅಂದುಕೊಳ್ಳಿ. ವರ್ಷಕ್ಕೆ 18,000. ಗಾಯಾಳುವಿಗೆ 35 ವರ್ಷ ಆದರೆ, ಸುಪ್ರೀಂ ಕೋರ್ಟ್ 2009ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ 16ರಿಂದ ಗುಣಿಸಬೇಕು: 2,88,000. ದುಡಿಮೆಯ ನಷ್ಟ ಶೇ 20 ಆದರೆ 57,600. ಮುಂದಿನ ಏರಿಕೆ ಅಂತ ಶೇ 40 ಸೇರಿಸಿದರೂ 80,640. ಜಗಳ ಇಷ್ಟಕ್ಕೇ ಇದ್ದರೆ 173ನೇ ಕಲಮಿನಲ್ಲಿ ಅಪೀಲು ಇಲ್ಲ.

ಗೆರೆ ಎರಡೂ ಕಡೆಗೆ ಒಂದೇ, ಇದನ್ನೂ ಹೇಳಬೇಕು. ಸಣ್ಣ ಮೊತ್ತಕ್ಕೆ ಇನ್ಶೂರೆನ್ಸ್ ಕಂಪನಿಯೂ ಗಾಯಾಳುವನ್ನು ಹೈಕೋರ್ಟಿಗೆ ಎಳೆಯೋಕಾಗಲ್ಲ. ಅದು ಒಳ್ಳೆಯದೇ. ಆದರೆ 80,000 ಕಂಪನಿಯ ಪುಸ್ತಕದಲ್ಲಿ ಒಂದು ಸಾಲು, ಕೂಲಿಯವರಿಗೆ ವರ್ಷಾನುಗಟ್ಟಲೆ ಉಳಿಸಿದರೂ ಕೂಡದ ದುಡ್ಡು. ದೊಡ್ಡ ಸಂಬಳದವರ ಆದಾಯದಲ್ಲಿ ಸ್ವಲ್ಪ ವ್ಯತ್ಯಾಸ ಬಂದರೂ ಗೆರೆ ದಾಟಿಹೋಗುತ್ತೆ. ಕಡಿಮೆ ದುಡಿಯೋರ ಕೇಸೇ ಅದರ ಕೆಳಗೆ ಸಿಕ್ಕಿಕೊಳ್ಳೋದು. ನನ್ನ ತಕರಾರು ಅದಕ್ಕೇ.

90 ದಿನ ಮೀರಿದರೆ ತಕ್ಕ ಕಾರಣ ತೋರಿಸಿ, ತಡವನ್ನು ಮನ್ನಿಸಿ ಅಂತ ಹೈಕೋರ್ಟನ್ನು ಕೇಳಬಹುದು. ಮೊತ್ತದ ಗೆರೆಗೆ ಅಂಥ ವಿನಾಯಿತಿ ಆ ಕಲಮಿನಲ್ಲಿ ಇಲ್ಲ.