ಗಳಿಗೆಬಟ್ಟಲೂ ತಂತಿಯ ವೇಳೆಯೂ

ಅಂಕೋಲೆಯಿಂದ ಯಲ್ಲಾಪುರದ ಕಡೆಗೆ ಹೋಗುವ ಮಾರ್ಗದಲ್ಲಿ ಗಂಗಾವಳಿಯ ದಡದ ರಾಮನಗುಳಿಯು ಬೆಟ್ಟಗಳ ನಡುವಣ ಊರು. ಬಯಲಿಗೆ ಕಾಣುವ ಸೂರ್ಯೋದಯವು ಇಂತಹ ಕಣಿವೆಗೆ ತಡವಾಗಿ ಇಳಿಯುತ್ತದೆ. ಹೀಗಿರಲು, ದೂರದೂರದ ಊರುಗಳು ಒಂದೇ ವೇಳೆಯನ್ನು ಹಿಡಿಯುವುದೆಂತು?

ತಂತಿ ಬರುವ ಮುನ್ನ ನಮ್ಮಲ್ಲಿ ರೂಢವಾಗಿದ್ದ ಸಾಧನವು ಗಳಿಗೆಬಟ್ಟಲು. ತಳದಲ್ಲಿ ರಂಧ್ರವುಳ್ಳ ಈ ತಾಮ್ರಪಾತ್ರೆಯು ಅಹೋರಾತ್ರದಲ್ಲಿ 60 ಸಲ ಮುಳುಗಬೇಕೆಂದು ಸೂರ್ಯಸಿದ್ಧಾಂತವು ವಿಧಿಸುತ್ತದೆ. ಎಂದರೆ ಗಳಿಗೆಗೆ 24 ನಿಮಿಷ. ರಂಧ್ರದಲ್ಲಿ ಕಸ ಸೇರಿದರೆ ಬಟ್ಟಲು ತಡೆದು ಮುಳುಗುವುದು, ರಂಧ್ರ ಸವೆದು ಹಿಗ್ಗಿದರೆ ಬೇಗ ಮುಳುಗುವುದು. ತಪ್ಪು ಸಲಸಲಕ್ಕೂ ಕೂಡುತ್ತ ಹೋಗುವುದು. ಆದರೆ ಉದಯದಿಂದ ಎಣಿಕೆಯನ್ನು ಹೊಸದಾಗಿ ತೊಡಗುತ್ತಿದ್ದುದರಿಂದ ಒಂದು ದಿನದ ದೋಷವು ಮರುದಿನಕ್ಕೆ ದಾಟುತ್ತಿರಲಿಲ್ಲ. ಬೆಟ್ಟವು ಉದಯವನ್ನು ಮರೆಮಾಡಿದಲ್ಲಿ ಶಂಕುವಿನ ಮಧ್ಯಾಹ್ನಚ್ಛಾಯೆಯೇ ಹೆಚ್ಚು ನಂಬತಕ್ಕದ್ದೆಂದು ನಮ್ಮ ಅಭಿಪ್ರಾಯ. ಕೇಂದ್ರವಿಲ್ಲದೆ ತಮ್ಮತಮ್ಮಲ್ಲಿಯೇ ಸೇರಿಕೊಳ್ಳುವ ಈಗಿನ ನಿಸ್ತಂತು ಯಂತ್ರಗಳಿಗೂ ಇದೇ ತೊಡಕು; ಅವುಗಳಿಗೆ ಸೂರ್ಯನಿಲ್ಲ, ಆದಕಾರಣ ಹಿಂದುಳಿದ ಗಡಿಯಾರವು ಮುಂದಿರುವುದರ ವೇಳೆಗೆ ಆಗಾಗ ಹೊಂದಿಕೊಳ್ಳುವುದು ಅಲ್ಲಿಯ ಒಂದು ಕ್ರಮ.

ಮುಂದೆ ರೈಲು ತಂತಿಗಳಿಗೆ ಮದರಾಸಿನ ವೇಳೆಯು ಪ್ರಮಾಣವಾಯಿತು. ಉತ್ತರ ಕನ್ನಡವಾದರೋ 1862ರಲ್ಲಿಯೇ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ರೇಖಾಂಶದಿಂದ ಗಣಿಸಿದರೆ ಅಂಕೋಲೆಯ ವೇಳೆಗಿಂತ ಮುಂಬಯಿಯದು ಸುಮಾರು 6 ನಿಮಿಷ ಹಿಂದೆ. ಮದರಾಸಿನದು ಸುಮಾರು 24 ನಿಮಿಷ ಮುಂದೆ, ಹೆಚ್ಚುಕಡಿಮೆ ಒಂದು ಗಳಿಗೆಯೇ! 1906ರ ಜನವರಿ 1ರಿಂದ 82½ ಅಂಶದ ರೇಖೆಯ ವೇಳೆಯು ಪ್ರಮಾಣವಾಗಲು ಅಂತರವು ಮತ್ತೂ ಬೆಳೆಯಿತು. ಅಂದಿನಿಂದ ರಾಮನಗುಳಿಯ ಸೂರ್ಯನು ನೆತ್ತಿಗೇರುವುದು, ವರ್ಷದ ಸರಾಸರಿಯಲ್ಲಿ, ಗಡಿಯಾರದ ಹನ್ನೆರಡೂವರೆ ಕಳೆದ ಮೇಲೆ.